ನಾಲ್ಕನೇ ಸೀಟಿನ ಇಂಗ್ಲಿಷು

ಬೆಳಿಗ್ಗೆ ಡೊಂಬಿವಲಿಯಿಂದ ಮುಂಬೈ ಕಡೆಗೆ ಹೊರಡುವ ಲೋಕಲ್ ರೈಲಿನಲ್ಲಿ, ಮೂರು ಜನ ಕೂರುವ ಬೆಂಚಿನ ತುದಿಗೆ ನಿಂತು, ಅಂಗೈಯನ್ನು ನೆಲದ ಕಡೆ ಮಾಡಿ ನಾಲ್ಕು ಬೆರಳನ್ನು ಕಿಟಕಿಯತ್ತ ಎರಡು ಸಲ ಆಡಿಸಿದರೆ ಅದೊಂದು ಪೂರ್ತಿ ವಾಕ್ಯ. ಕರ್ತೃ ಇಲ್ಲ, ಕರ್ಮ ಇಲ್ಲ, ಬರೀ ಕ್ರಿಯಾಪದ. ಇದನ್ನೇ ಬಾಯಿಬಿಟ್ಟು ಹೇಳಬೇಕಾದರೆ ಹಿಂದಿಯವರು ‘ಥೋಡಾ ಸರಕೋ’ ಅನ್ನುತ್ತಾರೆ, ಮರಾಠಿಯವರು ‘ಜರಾ ಸರಕಾ’ ಅನ್ನುತ್ತಾರೆ. ಊರಿನಿಂದ ಮೊನ್ನೆಯಷ್ಟೇ ಬಂದ ಕನ್ನಡಿಗ ಮಾತ್ರ, ದೊಡ್ಡ ಪಟ್ಟಣ, ಇಂಗ್ಲಿಷಿನಲ್ಲೇ ಕೇಳಿದರೆ ಮರ್ಯಾದೆ ಅಂದುಕೊಂಡು, ‘ಪ್ಲೀಸ್ ಅಡ್ಜಸ್ಟ್’ ಅನ್ನುತ್ತಾನೆ. ಮೂವರೂ ಸರಿಯುತ್ತಾರೆ. ಕೆಲಸ ಆಯಿತು. ಕೆಲಸ ಆಗಿಬಿಟ್ಟಿದ್ದರಿಂದಲೇ ಅದು ಇಂಗ್ಲಿಷ್ ಅಲ್ಲ ಅಂತ ಅವನಿಗೆ ಯಾರೂ ಹೇಳುವುದಿಲ್ಲ.

ಇಂಗ್ಲಿಷನ್ನು ಮನೆಮಾತಾಗಿ ಆಡುವವರ ಮುಂದೆ ಹೀಗೆ ‘ಪ್ಲೀಸ್ ಅಡ್ಜಸ್ಟ್’ ಅಂದರೆ ಅವರು ಮುಂದಿನ ಪದಕ್ಕಾಗಿ ಕಾಯುತ್ತಾರೆ. ಏನನ್ನು? ಅಲ್ಲಿ ಈ ಕ್ರಿಯಾಪದಕ್ಕೆ ಒಂದು ವಸ್ತು ಬೇಕು. ಕನ್ನಡಕವನ್ನು ಅಡ್ಜಸ್ಟ್ ಮಾಡಬಹುದು, ಕಾರಿನ ಕನ್ನಡಿಯನ್ನು ಮಾಡಬಹುದು, ಕುರ್ಚಿಯ ಎತ್ತರ, ರೇಡಿಯೊದ ಸದ್ದು, ಮಾತ್ರೆಯ ಪ್ರಮಾಣ ಎಲ್ಲವನ್ನೂ ಮಾಡಬಹುದು. ವಸ್ತು ಬೇಡವೆಂದರೆ ಸಾಮಾನ್ಯವಾಗಿ ‘ಟು’ ಹಚ್ಚಿ ಯಾವುದಕ್ಕೆ ಅಂತ ಹೇಳಬೇಕು: ಕತ್ತಲೆಗೆ ಕಣ್ಣು ಅಡ್ಜಸ್ಟ್ ಆಗುತ್ತದೆ, ಹೊಸ ಊರಿನ ಹವೆಗೆ ಮೈ ಅಡ್ಜಸ್ಟ್ ಆಗುತ್ತದೆ. ಎರಡೂ ಇಲ್ಲದೆ ಬರೀ ‘ಪ್ಲೀಸ್ ಅಡ್ಜಸ್ಟ್’ ಅಂದರೆ ಎದುರಿನವನು ಸರಿಯುವ ಬದಲು ತನ್ನ ಟೈ ಮುಟ್ಟಿ ನೋಡಿಕೊಂಡಾನು. ಅದಕ್ಕೂ ಕಾರಣ ಇದೆ. ಬ್ರಿಟನ್ನಿನ ಹಳೆಯ ಸಾರ್ವಜನಿಕ ಶೌಚಾಲಯಗಳ ಗೋಡೆಯ ಮೇಲೆ, ಹೊರಗೆ ಹೋಗುವ ಮುನ್ನ ಗಂಡಸರು ದಯವಿಟ್ಟು ತಮ್ಮ ಉಡುಪನ್ನು ಅಡ್ಜಸ್ಟ್ ಮಾಡಿಕೊಳ್ಳಬೇಕು ಎಂಬ ಫಲಕ ಇರುತ್ತಿತ್ತು. ಅಂದರೆ ಗುಂಡಿ ಹಾಕಿಕೊಳ್ಳಿ ಅಂತ. ಆ ಫಲಕ ನೋಡುತ್ತ ಬೆಳೆದ ಮುದುಕರೊಬ್ಬರ ಪಕ್ಕ ನಿಂತು ‘ಪ್ಲೀಸ್ ಅಡ್ಜಸ್ಟ್’ ಅಂದರೆ ಅವರ ಕೈ ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಲ್ಲಿ ಸೀಟು ಬೇಕಾದರೆ ‘ಕುಡ್ ಯೂ ಮೂವ್ ಓವರ್ ಪ್ಲೀಸ್’. ಸಲಿಗೆ ಇದ್ದರೆ ಇಂಗ್ಲೆಂಡಿನವರು ‘ಬಜ್ ಅಪ್’ ಅನ್ನುತ್ತಾರೆ. ಇನ್ನು ಉಚ್ಚಾರ. ಅಲ್ಲಿಯವರು ‘ಡ’ವನ್ನು ಬಿಡಿಸಿ ನುಡಿಯುವುದಿಲ್ಲ, ಅದು ಮುಂದಿನ ‘ಜ’ದೊಳಗೆ ಕರಗಿ ಹೋಗಿರುತ್ತದೆ. ನಾವು ‘ಡ್’ ಎಂದು ಒಂದು ಗುದ್ದು ಗುದ್ದಿಯೇ ‘ಜ’ಕ್ಕೆ ಹೋಗುವುದು. ಸೀಟು ಕೇಳುವಾಗ ಆ ಗುದ್ದಿಗೂ ಸ್ವಲ್ಪ ಬೆಲೆ ಇದೆ ಅನ್ನಿ.

ತಮಾಷೆಯೆಂದರೆ, ಪದದ ಬೇರು ಹಿಡಿದು ಹಿಂದಕ್ಕೆ ಹೋದರೆ ಲೋಕಲಿನವರೇ ಗೆಲ್ಲುತ್ತಾರೆ. ಇಂಗ್ಲಿಷಿಗೆ ಇದು ಬಂದದ್ದು ಫ್ರೆಂಚಿನಿಂದ, ಫ್ರೆಂಚಿಗೆ ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ ‘ಯುಕ್ಸ್ತಾ’ ಅಂದರೆ ಪಕ್ಕ, ಹತ್ತಿರ. ಅದರ ಮೊದಲಿಗೆ ‘ಅದ್’ ಸೇರಿಸಿದರೆ ಪಕ್ಕಕ್ಕೆ ತರು, ಹತ್ತಿರ ತಂದು ಕೂಡಿಸು. ಮೂವರ ಪಕ್ಕಕ್ಕೆ ನಾಲ್ಕನೆಯವನನ್ನು ತಂದು ಕೂಡಿಸುವುದಕ್ಕೆ ಇದಕ್ಕಿಂತ ನೇರವಾದ ಪದ ಬೇಕೆ? ಮುಂದೆ ಜನ ಇದನ್ನು ‘ಯುಸ್ತುಸ್’ ಎಂಬ ಇನ್ನೊಂದು ಪದದ ಜೊತೆ ಗೊಂದಲ ಮಾಡಿಕೊಂಡರು. ಅದರ ಅರ್ಥ ನ್ಯಾಯವಾದದ್ದು, ಸರಿಯಾದದ್ದು. ಹಾಗಾಗಿ ‘ಹತ್ತಿರ ತರು’ ಹೋಗಿ ‘ಸರಿಪಡಿಸು’ ಆಯಿತು. ಈಗ ಕನ್ನಡದ ‘ಸರಿ’ ನೋಡಿ. ‘ಸರಿ’ ಅಂದರೆ ತಪ್ಪಲ್ಲ. ‘ಸರಿ’ ಅಂದರೆ ಪಕ್ಕಕ್ಕೆ ಹೋಗು ಅಂತಲೂ ಹೌದು. ‘ಸ್ವಲ್ಪ ಸರೀರಿ’, ‘ಸರಿ ಬಿಡ್ರಿ’. ಲ್ಯಾಟಿನ್ನಿನ ಎರಡು ಪದ ಡಿಕ್ಕಿ ಹೊಡೆದು ಆದ ಅರ್ಥ ನಮ್ಮಲ್ಲಿ ಎರಡಕ್ಷರದಲ್ಲಿ ಮೊದಲೇ ಕೂತಿದೆ. ನಿಘಂಟಿನವರು ಅಡ್ಜಸ್ಟಿಗೆ ಹೊಂದಿಸು, ಸರಿಹೊಂದಿಸು, ಅಳವಡಿಸು ಅಂತೆಲ್ಲ ಕೊಡುತ್ತಾರೆ. ಕುರ್ಲಾ ದಾಟಿದ ಮೇಲೆ ನಿಂತುಕೊಂಡು ‘ಸ್ವಾಮಿ, ತಮ್ಮನ್ನು ಕೊಂಚ ಅಳವಡಿಸಿಕೊಳ್ಳಿ’ ಅಂದು ನೋಡಿ.

ಈ ಊರಿನ ರೈಲಿಗೆ ಅಡ್ಜಸ್ಟ್ ಹುಟ್ಟಿನಿಂದ ಬಂದ ಗುಣವೇನಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಹೊರಟ ಮೊದಲ ಗಾಡಿಯಲ್ಲಿ 14 ಡಬ್ಬಿ, 400 ಜನ ಅತಿಥಿಗಳು. ಡಬ್ಬಿಗೆ 29 ಜನ ಕೂಡ ಬರುವುದಿಲ್ಲ. ಈಗ ಜನ ಕಿಕ್ಕಿರಿಯುವ ಹೊತ್ತಿನ ಲೋಕಲಿಗೆ ರೈಲ್ವೆಯವರು ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಅಂತ ಒಂದು ಹೆಸರಿಟ್ಟಿದ್ದಾರೆ. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುವುದು. ಅಂದರೆ 1853ರ ಒಂದು ಇಡೀ ಡಬ್ಬಿಯ ಸಾಹೇಬರು ಮತ್ತು ಶೇಟ್‌ಗಳು, ಅವರ ಟೋಪಿ ಪಗಡಿಗಳ ಸಮೇತ, ಇವತ್ತು ಬಾಗಿಲ ಹತ್ತಿರದ ಎರಡು ಚದರ ಮೀಟರಿನಲ್ಲಿ ನಿಂತಾರು. ಪಗಡಿ ಮಾತ್ರ ಕೈಯಲ್ಲಿ ಹಿಡಿದುಕೊಳ್ಳಬೇಕು.

ನಾಲ್ಕನೇ ಸೀಟನ್ನು ಗಳಿಸುವುದು ಒಂದು ಕಸಬು. ನೋಡಿದವರಿಗೆ ಸುಲಭ, ಮಾಡಿದವರಿಗೆ ಮಂಡಿನೋವು. ಮೊದಲ ಕೆಲಸ ಚೀಲದ್ದು. ಹೆಗಲಿನ ಚೀಲ ಹೆಗಲಲ್ಲೇ ಇದ್ದರೆ ನೀವು ಕೇಳುತ್ತಿರುವುದು ನಾಲ್ಕನೇ ಸೀಟನ್ನಲ್ಲ, ನಾಲ್ಕು ಮತ್ತು ಐದನೆಯದನ್ನು. ಕೂತವರ ಮುಖ ಅಲ್ಲೇ ಗಂಟಾಗುತ್ತದೆ. ಆದ್ದರಿಂದ ಚೀಲವನ್ನು ಮೊದಲು ಮೇಲಿನ ಜಾಲರಿಗೆ ಕಳಿಸಬೇಕು. ಕೈ ಎಟುಕದಿದ್ದರೆ ಮುಂದಿನವರ ಕೈಗೆ ಕೊಟ್ಟರೆ ಸಾಕು, ಅದು ಕೈಯಿಂದ ಕೈಗೆ ಹೋಗಿ ತಾನೇ ಮೇಲೇರುತ್ತದೆ. ಇಳಿಯುವಾಗ ಬಣ್ಣ ಹೇಳಿದರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ‘ಕಪ್ಪು’ ಅಂದರೆ ಮಾತ್ರ ಕಷ್ಟ, ಒಂಬತ್ತು ಚೀಲ ಬರುತ್ತವೆ.

ಎರಡನೆಯದು ಯಾರನ್ನು ಕೇಳಬೇಕು ಅನ್ನುವುದು. ಹೊಸಬರು ತಪ್ಪುವುದು ಇಲ್ಲಿ. ತುದಿಯಲ್ಲಿ ಕೂತವನೇ ಹತ್ತಿರ ಇರುವುದರಿಂದ ಅವನನ್ನೇ ಕೇಳುತ್ತಾರೆ. ಆದರೆ ಕೊಡಲಿಕ್ಕೆ ಅವನ ಹತ್ತಿರ ಏನೂ ಇಲ್ಲ. ಅವನ ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಗಾಳಿ. ಜಾಗದ ಜಮೀನುದಾರ ಕಿಟಕಿಯವನು. ಗೋಡೆಗೂ ತನಗೂ ನಡುವೆ ನಾಲ್ಕು ಬೆರಳು ಬಿಟ್ಟು, ಅದು ಯಾರಿಗೂ ಗೊತ್ತಿಲ್ಲ ಎಂಬಂತೆ ಹೊರಗೆ ನೋಡುತ್ತಿರುತ್ತಾನೆ. ಆದ್ದರಿಂದ ಬೆರಳಿನ ಸನ್ನೆ ತುದಿಯವನಿಗೆ, ಕಣ್ಣಿನ ಸನ್ನೆ ಕಿಟಕಿಯವನಿಗೆ. ಅವನು ಸರಿದರೆ ನಡುವಿನವನು ಸರಿಯುತ್ತಾನೆ, ಆಮೇಲೆ ತುದಿಯವನು. ಒಬ್ಬೊಬ್ಬರಿಂದ ಎರಡೆರಡು ಬೆರಳು ಅಂದರೆ ಆರು ಬೆರಳು, ಹೆಚ್ಚುಕಮ್ಮಿ ನಾಲ್ಕೂವರೆ ಇಂಚು. ಒಂದು ತೊಡೆಗೆ ಅಷ್ಟು ಸಾಕು. ಎರಡನೇ ತೊಡೆಗೆ ಜಾಗ ಈ ಸಿದ್ಧಾಂತದಲ್ಲೇ ಇಲ್ಲ.

ಖೋಟಾ ನೋಟಿನ ಹಾಗೆ ಖೋಟಾ ಅಡ್ಜಸ್ಟೂ ಇದೆ. ಕೇಳಿದ ಕೂಡಲೇ ಮೂವರೂ ಭುಜ ಕುಣಿಸುತ್ತಾರೆ, ಪ್ಯಾಂಟು ಎಳೆದುಕೊಳ್ಳುತ್ತಾರೆ, ಒಬ್ಬರು ಕೆಮ್ಮುತ್ತಾರೆ. ಎಲ್ಲ ಮುಗಿದ ಮೇಲೆ ನೋಡಿದರೆ ಬೆಂಚು ಇದ್ದ ಹಾಗೇ ಇದೆ. ಭುಜ ನೋಡಬಾರದು, ಸೊಂಟ ನೋಡಬೇಕು. ಸೊಂಟ ಸರಿಯದಿದ್ದರೆ ಅದು ಶಿಷ್ಟಾಚಾರವೇ ಹೊರತು ಸೀಟಲ್ಲ. ಆಗ ತಾಳ್ಮೆಯಿಂದ ಕಾಯಬೇಕು. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಕಡೆ ಡಬ್ಬಿ ಪಕ್ಕಕ್ಕೆ ಒಮ್ಮೆ ಓಲಾಡುತ್ತದೆ, ಕಾಳಿನ ಡಬ್ಬಿ ಕುಟ್ಟಿದರೆ ಕಾಳು ಕೂರುವ ಹಾಗೆ ಮೂವರೂ ಕೂರುತ್ತಾರೆ. ಬಾಯಿ ಕೊಡದ ಎರಡು ಬೆರಳನ್ನು ಹಳಿ ಕೊಡುತ್ತದೆ.

ಕೂರುವುದು ಬೆಂಚಿನ ಕಡೆಯ ತೊಡೆಯ ಮೇಲೆ. ಇನ್ನೊಂದು ಕಾಲು ಓಣಿಯಲ್ಲಿ, ಪಾದ ಸ್ವಲ್ಪ ಹೊರಕ್ಕೆ ತಿರುಗಿಸಿ, ಊರುಗೋಲಿನಂತೆ. ಮೈಭಾರದ ಅರ್ಧಕ್ಕಿಂತ ಹೆಚ್ಚು ಆ ಕಾಲಿನ ಮೇಲೇ ಇರುವುದರಿಂದ, ನಿಜ ಹೇಳಬೇಕೆಂದರೆ, ನಾಲ್ಕನೇ ಸೀಟಿನವನು ಕೂತಿಲ್ಲ. ಕೂತಿದ್ದಾನೆ ಎಂಬ ಗೌರವವನ್ನು ಅನುಭವಿಸುತ್ತ ನಿಂತಿದ್ದಾನೆ. ಕೈಗೆ ಬೆಂಚಿನ ಮೂಲೆಯ ಹಿಡಿ ಸಿಕ್ಕರೆ ಭಾಗ್ಯ. ಹಿಂದಿನ ಜೇಬಿನ ಪಾಕೀಟನ್ನು ಕೂರುವ ಮುಂಚೆಯೇ ಮುಂದಕ್ಕೆ ತಂದುಕೊಳ್ಳಬೇಕು. ಅದರಲ್ಲಿ ಕಾಸಿಗಿಂತ ಹಳೇ ಬಿಲ್ಲುಗಳೇ ಹೆಚ್ಚಿರುತ್ತವೆ, ದಪ್ಪ ಒಂದು ಬೆರಳು. ಆರು ಬೆರಳಿನ ಆಸ್ತಿಯಲ್ಲಿ ಅದು ಸಣ್ಣ ಪಾಲಲ್ಲ. ಎದ್ದು ಬೇಕಾದಾಗ ತೆಗೆಯುತ್ತೇನೆ ಅಂದರೆ ಆಗುವುದಿಲ್ಲ, ಏಳುವಷ್ಟರಲ್ಲಿ ಮೂವರೂ ಹಿಂದಿನ ಜಾಗಕ್ಕೆ ಊದಿಕೊಂಡಿರುತ್ತಾರೆ.

ಆಮೇಲೆ ಗೊತ್ತಾಗುವ ಸಂಗತಿ: ತಕರಾರು ಸೊಂಟದ್ದಲ್ಲ, ಭುಜದ್ದು. ಮನುಷ್ಯರ ಭುಜ ಸೊಂಟಕ್ಕಿಂತ ಅಗಲ, ಅದರಲ್ಲೂ ಗಂಡಸರದ್ದು. ಕೆಳಗೆ ನಾಲ್ವರು ಹಿಡಿಸಿದರೂ ಮೇಲೆ ಮೂವರೇ ಹಿಡಿಸುವುದು. ಪಳಗಿದವರು ಇದಕ್ಕೆ ಮಾಡುವ ಉಪಾಯ ಒಂದು ಬಿಟ್ಟು ಒಂದು. ಕಿಟಕಿಯವನು ಹಿಂದಕ್ಕೆ ಒರಗುತ್ತಾನೆ, ನಡುವಿನವನು ಮೊಣಕೈ ತೊಡೆಗೂರಿ ಮುಂದಕ್ಕೆ ಬಾಗುತ್ತಾನೆ, ಮೂರನೆಯವನು ಹಿಂದೆ, ನಾಲ್ಕನೆಯವನು ಮುಂದೆ. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಪೇಪರ್ ಓದುವವರು ಎಂಟು ಮಡಿಕೆ ಮಾಡಿ ಒಂದೇ ಕಾಲಂ ಓದುತ್ತಾರೆ. ಪುಟ ತಿರುಗಿಸಬೇಕಾದರೆ ಸ್ಟೇಷನ್ ಬರುವ ತನಕ ಕಾಯುತ್ತಾರೆ. ಧಾರಾವಾಹಿ ನೋಡುವವನ ಮೊಬೈಲಿಗೆ ಮಾತ್ರ ಎದೆಯ ಮುಂದೆ ಗೇಣುದ್ದ ಜಾಗ ಬೇಕು. ಈ ವ್ಯವಸ್ಥೆಯನ್ನು ಈಚೆಗೆ ಹಾಳು ಮಾಡುತ್ತಿರುವುದು ಅದೊಂದೇ.

ಜಗಳ ಹುಟ್ಟುವುದು ಬಡ್ತಿಯ ವಿಷಯದಲ್ಲಿ. ದಾದರಿನಲ್ಲಿ ಕಿಟಕಿಯವನು ಎದ್ದ ಅನ್ನಿ. ಎರಡನೆಯವನು ಕಿಟಕಿಗೆ ಹಾರುತ್ತಾನೆ, ಮೂರನೆಯವನು ನಡುವಿಗೆ, ನಾಲ್ಕನೆಯವನು ಎರಡೂ ತೊಡೆ ಊರಿ ಮೊದಲ ಸಲ ಕೂರುತ್ತಾನೆ. ಇಷ್ಟರಲ್ಲಿ ಬೆಂಚುಗಳ ನಡುವೆ ನಿಂತವನೊಬ್ಬ, ಥಾಣೆಯಲ್ಲೇ ‘ಕಿಧರ್ ಉತರೋಗೇ?’, ಎಲ್ಲಿ ಇಳಿಯುತ್ತೀರಿ ಅಂತ ಕಿಟಕಿಯವನನ್ನು ಕೇಳಿ ಸೀಟು ಬುಕ್ ಮಾಡಿಟ್ಟವನು, ಅದು ತನ್ನದು ಅನ್ನುತ್ತಾನೆ. ನಾಲ್ಕನೆಯವನ ವಾದ: ನಾನು ಇಷ್ಟು ಹೊತ್ತು ಅರ್ಧ ಕೂತಿದ್ದೆ, ಸೇವಾ ಹಿರಿತನ ನನ್ನದು. ನಿಂತವನ ವಾದ: ಮಾತು ತಗೊಂಡದ್ದು ನಾನು. ರೂಢಿ ಮಾತು ತಗೊಂಡವನ ಕಡೆಗೇ ಹೆಚ್ಚು ವಾಲುತ್ತದೆ. ನಾಲ್ಕನೇ ಸೀಟು ದಾನ, ಹಕ್ಕಲ್ಲ. ದಾನ ಪಡೆದವನು ಜಮೀನು ಕೇಳಬಾರದು.

ಇಷ್ಟೆಲ್ಲ ತಾಪತ್ರಯ ಬೇಡವೆಂದು ಕೆಲವರು ಡೊಂಬಿವಲಿಯಿಂದ ಮುಂಬೈಗೆ ಹೋಗಬೇಕಾದವರು ಉಲ್ಟಾ ಗಾಡಿ ಹಿಡಿದು ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಅದೇ ಗಾಡಿ ಹೊರಳುವಾಗ ಕೂತುಕೊಂಡೇ ಬರುತ್ತಾರೆ. ಬುದ್ಧಿವಂತಿಕೆಯೇ. ಆದರೆ ಪಾಸು ಡೊಂಬಿವಲಿಯಿಂದ ಇದ್ದು ಮೈ ಕಲ್ಯಾಣದಲ್ಲಿದ್ದರೆ ಅದು ಟಿಕೆಟಿಲ್ಲದ ಪ್ರಯಾಣ. ಪಾಸನ್ನು ಕಲ್ಯಾಣದಿಂದಲೇ ಮಾಡಿಸಬೇಕು. ‘ಒಂದು ಸ್ಟಾಪಿನ ಮಾತು, ಅಡ್ಜಸ್ಟ್ ಮಾಡಿ ಸಾಹೇಬ್ರೆ’ ಎಂಬ ವಾಕ್ಯದ ಮೇಲೆ ಟಿಸಿಗೆ ನಂಬಿಕೆ ಇಲ್ಲ. ಅವರ ರಸೀದಿ ಪುಸ್ತಕದಲ್ಲಿ ಆ ಪದಕ್ಕೆ ಕಾಲಂ ಇಲ್ಲ.

ಕೇಳುವಾಗ ಕರೆಯುವುದು ಹೇಗೆ ಅನ್ನುವುದೂ ಮುಖ್ಯ. ಗಂಡಸರ ಡಬ್ಬಿಯಲ್ಲಿ ‘ಭಾಯ್‌ಸಾಬ್’, ‘ದಾದಾ’, ತಲೆ ನೆರೆತಿದ್ದರೆ ‘ಕಾಕಾ’. ಹೆಂಗಸರ ಡಬ್ಬಿಯಲ್ಲಿ ಮರಾಠಿಯ ‘ತಾಯಿ’ ಬರುತ್ತದೆ. ಅಲ್ಲಿ ಅದರ ಅರ್ಥ ಅಕ್ಕ. ಧಾರವಾಡದಿಂದ ಮದುವೆಯಾಗಿ ಬಂದ ಇಪ್ಪತ್ತಾರರ ಹುಡುಗಿಗೆ ನಲವತ್ತರ ಹೆಂಗಸೊಬ್ಬಳು ‘ತಾಯಿ, ಜರಾ ಸರಕಾ ನಾ’ ಅಂದಾಗ ಅವಳ ಕನ್ನಡ ಕಿವಿ ಕೇಳಿಸಿಕೊಳ್ಳುವುದು ಅಮ್ಮ ಅಂತಲೇ. ಆ ದಿನ ಅವಳು ಸರಿಯುವುದಿಲ್ಲ. ‘ಆಂಟಿ’ ಇನ್ನೂ ಅಪಾಯ, ಯಾವ ಭಾಷೆಯಲ್ಲೂ ಅದಕ್ಕೆ ಸೀಟಿಲ್ಲ. ಅದೇ ಫೋನಿನಲ್ಲಿ ‘ಹಾಂ ಅಕ್ಕ, ಗಾಡಿಯಲ್ಲಿದ್ದೇನೆ, ಆಮೇಲೆ ಮಾಡ್ತೆ’ ಅಂತ ಸ್ವಲ್ಪ ಗಟ್ಟಿಯಾಗಿ ಹೇಳಿ ಕಟ್ ಮಾಡಿದರೆ, ಮೂರು ಬೆಂಚಿನಾಚೆಯಿಂದ ಒಂದು ತಲೆ ಏಳುತ್ತದೆ:

‘ಕನ್ನಡದವರಾ? ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ ಮಾರಾಯ್ರೆ. ಯಾವ ಊರು?’

‘ಕುಂದಾಪ್ರ.’

‘ಅರೆ! ನಂದು ಬೈಂದೂರು. ಏ ಭಾಯ್, ಥೋಡಾ ಸರಕೋ, ಅಪನಾ ಆದ್ಮಿ ಹೈ.’

ಬೆಂಚಿನ ಉದ್ದ ಅಷ್ಟೇ ಇದೆ. ಕುಂದಾಪುರ ಅಂದ ಕೂಡಲೇ ಅದು ಎರಡು ಇಂಚು ಬೆಳೆಯುತ್ತದೆ. ಬದಲಿಗೆ ಕೊನೆಯ ಸ್ಟೇಷನ್ ಸಿಎಸ್‌ಎಮ್‌ಟಿ ಬರುವ ತನಕ ಯಾರ ಮಗ, ಯಾವ ಮನೆ, ಹೋಟೆಲ್ ಕಡೆಯವರಾ ಬ್ಯಾಂಕ್ ಕಡೆಯವರಾ, ಮದುವೆ ಆಗಿದೆಯಾ ಎಂಬುದಕ್ಕೆಲ್ಲ ಉತ್ತರ ಕೊಡಬೇಕು. ಮಂಡಿನೋವು ಬೇಕೋ ಇದು ಬೇಕೋ ಎಂದು ಮೊದಲೇ ಯೋಚಿಸಿ ಬಾಯಿ ಬಿಡುವುದು ಒಳ್ಳೆಯದು.

ಕನ್ನಡ ಈ ಪದವನ್ನು ಬರೀ ಎರವಲು ತಂದಿಲ್ಲ, ಬಾಲ ಹಚ್ಚಿ ಸಾಕಿದೆ. ಇಂಗ್ಲಿಷಿನ ಕ್ರಿಯಾಪದ ಯಾವುದೇ ಬರಲಿ, ನಾವು ಅದರ ಹಿಂದೆ ‘ಮಾಡು’ ಅಥವಾ ‘ಆಗು’ ಕಟ್ಟುತ್ತೇವೆ. ಅಡ್ಜಸ್ಟಿನ ಜೀವ ಇರುವುದು ಆ ಬಾಲದಲ್ಲಿ. ‘ಅಡ್ಜಸ್ಟ್ ಮಾಡಿ’ ಅಂದರೆ ಸರಿಯಬೇಕಾದವರು ನೀವು. ‘ಅಡ್ಜಸ್ಟ್ ಆಗ್ತದೆ’ ಅಂದರೆ ಯಾರೂ ಏನೂ ಮಾಡುವುದಿಲ್ಲ, ಕಾಲವೇ ನೋಡಿಕೊಳ್ಳುತ್ತದೆ. ಹೊಸ ಚಪ್ಪಲಿ ಕಚ್ಚಿದಾಗ ಅಂಗಡಿಯವನು ಹೇಳುವುದು ಇದನ್ನೇ, ಅಡ್ಜಸ್ಟ್ ಆಗುವುದು ಚಪ್ಪಲಿಯೋ ಹಿಮ್ಮಡಿಯೋ ಅಂತ ಹೇಳುವುದಿಲ್ಲ. ‘ಅಡ್ಜಸ್ಟ್ ಮಾಡ್ಕೋ’ ಅಂದರೆ ನುಂಗಿಕೋ. ಇದನ್ನು ಹೇಳುವವರಿಗೂ ಸಂಕಟಕ್ಕೂ ಸಂಬಂಧ ಇರುವುದಿಲ್ಲ. ‘ಅಡ್ಜಸ್ಟ್ ಮಾಡಿಸ್ತೇನೆ’ ಅಂದರೆ ನಡುವೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಏನಾದರೂ ಕೊಡಬೇಕು. ‘ಮೆಂಟ್’ ಸೇರಿ ನಾಮಪದವಾದರೆ ಎರಡು ಪಕ್ಷಗಳು ಒಳಗೊಳಗೇ ಮಾಡಿಕೊಂಡ ಏರ್ಪಾಡು, ಊರಿನ ಪತ್ರಿಕೆಗಳು ಅದಕ್ಕೆ ಅಡ್ಜಸ್ಟ್‌ಮೆಂಟ್ ರಾಜಕಾರಣ ಅನ್ನುತ್ತವೆ. ಒಂದೇ ಧಾತು, ಬಾಲ ಬದಲಾದ ಹಾಗೆ ಹೊರೆ ಹೊರುವವನು ಬದಲಾಗುತ್ತಾನೆ. ಇಂಗ್ಲಿಷಿಗೆ ಇಷ್ಟು ಸೂಕ್ಷ್ಮ ಬೇಕೆಂದರೆ ಒಂದೊಂದಕ್ಕೆ ಒಂದೊಂದು ಪ್ಯಾರಾ ಬರೆಯಬೇಕಾದೀತು.

ಇಂಗ್ಲಿಷಿನ ನಿಜವಾದ ಅರ್ಥದಲ್ಲಿ, ಅಂದರೆ ಅಳೆದು ಸ್ವಲ್ಪವೇ ಬದಲಿಸಿ ಸರಿ ಕೂರಿಸುವುದು ಎಂಬ ಅರ್ಥದಲ್ಲಿ, ಈ ಪದವನ್ನು ಬಳಸುವವನು ನಮ್ಮ ನಡುವೆ ದರ್ಜಿ ಒಬ್ಬನೇ. ಬ್ಲೌಸು ಬಿಗಿಯಾದಾಗ ಅವನು ಮೊದಲು ಒಳಗೆ ತಿರುಗಿಸಿ ಮಾರ್ಜಿನ್ ನೋಡುತ್ತಾನೆ. ಪಕ್ಕದ ಹೊಲಿಗೆ ಎರಡು, ಒಂದೊಂದರಲ್ಲಿ ಮುಂದಿನ ತುಂಡು, ಹಿಂದಿನ ತುಂಡು ಅಂತ ಎರಡು ಪದರ. ಒಟ್ಟು ನಾಲ್ಕು. ಪದರಕ್ಕೆ ಕಾಲಿಂಚು ಬಿಟ್ಟರೆ ಸುತ್ತಳತೆ ಒಂದು ಇಂಚು ಹೆಚ್ಚುತ್ತದೆ. ಒಂದು ಇಂಚು ಬೇಕೆಂದು ಪ್ರತಿ ಹೊಲಿಗೆಯಲ್ಲೂ ಒಂದೊಂದು ಇಂಚು ಬಿಚ್ಚಿ ಕೂತ ಮನೆ ಟೈಲರುಗಳು ಚೀಲ ಹೊಲಿದು ಕೊಡುವುದು ಇಲ್ಲಿ ಎಡವಿಯೇ. ಪಕ್ಕ ಬಿಚ್ಚಿದ ಮೇಲೆ ತೋಳಿನ ಅಡಿ ಹೊಲಿಗೆಯನ್ನೂ ಅಷ್ಟೇ ಬಿಚ್ಚಬೇಕು, ಇಲ್ಲದಿದ್ದರೆ ಕಂಕುಳಲ್ಲಿ ಎರಡೂ ಕೂಡುವುದಿಲ್ಲ, ಕೈ ಎತ್ತಿದರೆ ಬ್ಲೌಸೂ ಮೇಲೇಳುತ್ತದೆ. ಲೋಕಲಿನಲ್ಲಿ ಮೇಲಿನ ಹಿಡಿ ಹಿಡಿಯುವವರಿಗೆ ಇದು ಸಣ್ಣ ವಿಷಯವಲ್ಲ. ಹತ್ತಿಯಾದರೆ ಹಳೆಯ ಹೊಲಿಗೆಯ ತೂತು ನಾಲ್ಕು ಒಗೆತಕ್ಕೆ ಮುಚ್ಚುತ್ತದೆ. ರೇಷ್ಮೆಯಲ್ಲಿ ಮುಚ್ಚುವುದಿಲ್ಲ, ಮಾಸದ ಬಣ್ಣದ ಗೆರೆಯ ಮೇಲೆ ಚುಕ್ಕಿ ಸಾಲು ಹಾಗೇ ನಿಲ್ಲುತ್ತದೆ. ಒಳಗೆ ಮಾರ್ಜಿನ್ನೇ ಇಲ್ಲದಿದ್ದರೆ ದರ್ಜಿ ಕನ್ನಡಕ ಹಣೆಗೇರಿಸಿ ‘ನೀವೇ ಸ್ವಲ್ಪ ಅಡ್ಜಸ್ಟ್ ಆಗಬೇಕು’ ಅನ್ನುತ್ತಾನೆ. ಅಂದರೆ ತೆಳ್ಳಗಾಗಿ ಅಂತ.

ಮದುವೆಯ ಮಾರುಕಟ್ಟೆಯಲ್ಲಿ ಇದೇ ಪದಕ್ಕೆ ‘ಬಲ್’ ಹಚ್ಚಿ ಮಾರುತ್ತಾರೆ. ಮುಂಬಯಿ ಫ್ಲ್ಯಾಟು, ಒಂದು ಬೆಡ್‌ರೂಮು, ಅತ್ತೆ ಮಾವ ಜೊತೆಗೆ. ಆದ್ದರಿಂದ ‘ಹುಡುಗಿ ಅಡ್ಜಸ್ಟಬಲ್ ಇರಬೇಕು’. ಹುಡುಗಿಯ ಕಡೆಯವರೂ ಹೆಮ್ಮೆಯಿಂದ ‘ನಮ್ಮವಳು ತುಂಬಾ ಅಡ್ಜಸ್ಟಬಲ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅಡ್ಜಸ್ಟಬಲ್ ಆಗಿರುವುದು ಕುರ್ಚಿ, ಬೆಲ್ಟು, ಟೇಬಲ್ ದೀಪ. ತಿರುಗಣಿ ತಿರುವಿದರೆ ಏರುವ, ಇಳಿಯುವ ವಸ್ತುಗಳು. ಮನುಷ್ಯರಿಗೆ ‘ಅಡಾಪ್ಟಬಲ್’ ಅಥವಾ ‘ಅಕಾಮೊಡೇಟಿಂಗ್’ ಅನ್ನಬೇಕು. ‘ವೆಲ್ ಅಡ್ಜಸ್ಟೆಡ್’ ಅಂದರೆ ಮತ್ತೆ ಬೇರೆ, ಮನಸ್ಸು ನೆಟ್ಟಗಿರುವ, ಸಮಾಧಾನಿ ಮನುಷ್ಯ ಎಂದು. ಬಯೋಡೇಟಾದಲ್ಲಿ ಈ ಮೂರನ್ನು ಅದಲು ಬದಲು ಮಾಡಿದರೆ ಗುಣವಂತೆಯ ಜಾಗದಲ್ಲಿ ನಟ್ಟು ಬಿಗಿಯುವ ಪಾನಾ ಬಂದು ನಿಲ್ಲುತ್ತದೆ.

ಪಾನಾದ ಮಾತು ಬಂತು, ಅಡ್ಜಸ್ಟೇಬಲ್ ಪಾನಾವನ್ನು ಮನೆಯಲ್ಲಿಟ್ಟುಕೊಂಡು ಅದನ್ನು ಉಲ್ಟಾ ಹಿಡಿಯುವವರೇ ಹೆಚ್ಚು. ನಳದ ನೀರು ಬರುವ ಹೊತ್ತು ಇರುವುದೇ ಇಷ್ಟು, ಅಷ್ಟರಲ್ಲೇ ವಾಶರ್ ಬದಲಿಸುವ ಅವಸರದಲ್ಲಿ ಹಿತ್ತಾಳೆ ನಟ್ಟಿನ ಮೂಲೆ ಸವೆಸಿ ಗುಂಡಗೆ ಮಾಡಿ, ಕೊನೆಗೆ ಪ್ಲಂಬರನನ್ನು ಕರೆಯುತ್ತಾರೆ. ಪಾನಾಕ್ಕೆ ಎರಡು ದವಡೆ, ಒಂದು ಹಿಡಿಯ ಜೊತೆಗೇ ಎರಕವಾದದ್ದು, ಇನ್ನೊಂದು ತಿರುಪು ತಿರುವಿದರೆ ಜಾರುವುದು. ನಟ್ಟಿನ ಚಪ್ಪಟೆ ಮೈಗೆ ಎರಡನ್ನೂ ಕೂರಿಸಿ, ಅಲ್ಲಾಡದ ಹಾಗೆ ತಿರುಪನ್ನು ಬಿಗಿ ಮಾಡಿಕೊಳ್ಳಬೇಕು. ತಿರುಗಿಸುವಾಗ ಜಾರುವ ದವಡೆ ಇರುವ ಕಡೆಗೆ ಹಿಡಿಯನ್ನು ಎಳೆಯಬೇಕು. ಹಾಗೆ ಎಳೆದರೆ ಜೋರು ಬೀಳುವುದು ಸ್ಥಿರ ದವಡೆಯ ಮೇಲೆ. ಆ ದಿಕ್ಕಿಗೆ ಬಾರದಿದ್ದರೆ ಪಾನಾವನ್ನು ಮಗುಚಿ ಹಾಕಿ, ಸರಿಯಾಗುತ್ತದೆ. ತಪ್ಪಿ ಇನ್ನೊಂದು ಕಡೆಗೆ ಎಳೆದರೆ ಭಾರವೆಲ್ಲ ಜಾರುವ ದವಡೆಗೆ ಬಿದ್ದು, ಅದು ಕೂದಲೆಳೆಯಷ್ಟು ಬಾಯಿ ಬಿಟ್ಟು, ನಟ್ಟಿನ ಮೂಲೆಯನ್ನು ಕಿತ್ತುಕೊಂಡು ಬರುತ್ತದೆ, ಜೊತೆಗೆ ನಿಮ್ಮ ಬೆರಳಿನ ಗೆಣ್ಣನ್ನು ಗೋಡೆಗೆ ಕೊಡುತ್ತದೆ. ಪಾನಾ ಮಾಡಿದವನಿಗೆ ಅಡ್ಜಸ್ಟ್ ಆಗುವ ದವಡೆಯ ಮೇಲೆ ಎಷ್ಟು ಭಾರ ಹಾಕಬಾರದು ಅಂತ ಗೊತ್ತಿತ್ತು. ಮದುವೆ ಮಾತುಕತೆಗೆ ಬರುವ ಹಿರಿಯರು ಒಂದು ಸಲ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬರಬಹುದು.

ದುಡ್ಡಿನಲ್ಲಿ ಈ ಪದ ಕೇಳಿಸಿದಾಗ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳಬೇಕು. 11 ತಿಂಗಳ ಲೀವ್ ಎಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರಿನಲ್ಲಿ ಮನೆ ಹಿಡಿದವರು ಬಿಡುವ ಹೊತ್ತಿಗೆ ‘ಕೊನೇ ತಿಂಗಳ ಬಾಡಿಗೆ ಡಿಪಾಸಿಟ್ಟಿನಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುತ್ತಾರೆ. ಮಾಲೀಕ ಒಪ್ಪುತ್ತಾನೆ, ಒಪ್ಪಿ ಬಣ್ಣದ ಖರ್ಚು, ನಳದ ಖರ್ಚು, ಗೋಡೆಗೆ ಹೊಡೆದ ಮೊಳೆಯ ಖರ್ಚನ್ನೂ ಅದರಲ್ಲೇ ಅಡ್ಜಸ್ಟ್ ಮಾಡುತ್ತಾನೆ. ಲೆಕ್ಕದವರ ಭಾಷೆಯಲ್ಲಿ ಇದು ಸರಿಯಾದ ಪ್ರಯೋಗವೇ, ಒಂದು ಬಾಬಿನಿಂದ ಇನ್ನೊಂದಕ್ಕೆ ವಜಾ ಹಾಕುವುದು. ಯಾವ ಬಾಬು ಅಂತ ಕರಾರುಪತ್ರದಲ್ಲಿ ಮೊದಲೇ ಬರೆಸಿ, ಕೀಲಿ ತಗೊಂಡ ದಿನವೇ ಗೋಡೆಗಳ ಫೋಟೊ ತೆಗೆದಿಟ್ಟುಕೊಂಡರೆ ಪದಕ್ಕೆ ಬಾಲ ಬೆಳೆಯುವುದಿಲ್ಲ. ಅಂಗಡಿಯವನು ಎರಡು ರೂಪಾಯಿ ಚಿಲ್ಲರೆಗೆ ಚಾಕಲೇಟು ಕೊಟ್ಟು ಅಡ್ಜಸ್ಟ್ ಅನ್ನುವುದು ಇದರ ಮರಿ. ಅದೇ ಚಾಕಲೇಟನ್ನು ಮರುದಿನ ನೀವು ಅವನಿಗೆ ಎರಡು ರೂಪಾಯಿ ಅಂತ ಕೊಟ್ಟರೆ ಅದು ಅಡ್ಜಸ್ಟ್ ಆಗುವುದಿಲ್ಲ.

ಆಫೀಸಿನ ಮೇಲಿನಲ್ಲಿ ‘ಕೈಂಡ್ಲಿ ಅಡ್ಜಸ್ಟ್’ ಎಂದು ಬರೆದು ಮುಗಿಸುವವರಿಗೆ ಒಂದೇ ಸೂಚನೆ, ಮುಂದೆ ವಸ್ತು ಹಾಕಿ. ಮೀಟಿಂಗಿನ ವೇಳೆ 4ರ ಬದಲು 5ಕ್ಕೆ, ಬಿಲ್ಲಿನ ಮೊತ್ತದಲ್ಲಿ ಮುಂಗಡ 3,000 ಕಳೆದು, ಹೀಗೆ. ‘ನನ್ನ ರಜೆಯನ್ನು ಅಡ್ಜಸ್ಟ್ ಮಾಡಿ’ ಅಂತ ಪರದೇಶದ ಮ್ಯಾನೇಜರಿಗೆ ಬರೆದರೆ ಅವನು ನಿಮ್ಮ ರಜೆಯ ತಾರೀಖನ್ನೇ ಬದಲಿಸಿ ಕಳಿಸಿಯಾನು. ನೀವು ಕೇಳಿದ್ದು ನೀವಿಲ್ಲದಾಗ ಬೇರೆಯವರು ನಿಮ್ಮ ಕೆಲಸ ನೋಡಿಕೊಳ್ಳಲಿ ಎಂದು, ಅವನಿಗೆ ಅರ್ಥವಾದದ್ದು ರಜೆಯನ್ನು ಆಚೀಚೆ ಸರಿಸಲಿ ಎಂದು. ಗಣಪತಿ ಹಬ್ಬಕ್ಕೆ ಊರಿಗೆ ಹೊರಟವನು ಹಬ್ಬ ಮುಗಿದ ಸೋಮವಾರ ಊರಲ್ಲಿರುತ್ತಾನೆ.

ಇಷ್ಟೊಂದು ಬಾಲದ ಈ ಪದ ಪೂರ್ತಿ ಸೋಲುವ ಜಾಗ ಒಂದಿದೆ, ಎಸಿ ಲೋಕಲಿನ ಬಾಗಿಲು. 2017ರ ಡಿಸೆಂಬರ್ 25ರಂದು ಪಶ್ಚಿಮ ರೈಲ್ವೆಯಲ್ಲಿ ಓಡಲು ಶುರುವಾದ ಈ ಗಾಡಿಗಳಲ್ಲಿ ಬಾಗಿಲು ತಾನಾಗಿ ಮುಚ್ಚುತ್ತದೆ, ಎಲ್ಲ ಬಾಗಿಲೂ ಮುಚ್ಚದೆ ಗಾಡಿ ಹೊರಡುವುದಿಲ್ಲ. ಮಾಮೂಲಿ ಲೋಕಲಿನಲ್ಲಿ ಕಾಲಿನ ಬೆರಳು ಊರಲು ಜಾಗ ಸಿಕ್ಕರೆ ಉಳಿದ ಮೈ ಹೊರಗಿದ್ದರೂ ಅಡ್ಜಸ್ಟ್, ಗಾಡಿ ಹೋಗುತ್ತದೆ. ಆ ಚಾಳಿಯಲ್ಲೇ ಬೊರಿವಲಿಯಲ್ಲಿ ಒಬ್ಬ ಮೈ ಒಳಗೆ, ಬೆನ್ನಿನ ಚೀಲ ಹೊರಗೆ ಮಾಡಿ ನಿಲ್ಲುತ್ತಾನೆ. ಬಾಗಿಲು ಬರುತ್ತದೆ, ಚೀಲಕ್ಕೆ ತಾಗುತ್ತದೆ, ನಿಲ್ಲುತ್ತದೆ. ಮತ್ತೆ ಬರುತ್ತದೆ. ಒಳಗಿನವರು ಭಾಯ್ ಅನ್ನುತ್ತಾರೆ, ದಾದಾ ಅನ್ನುತ್ತಾರೆ. ಅವನು ತಿರುಗಿ ಬಾಗಿಲಿಗೇ ಹೇಳುವವನಂತೆ ‘ಅರೇ, ಥೋಡಾ ಅಡ್ಜಸ್ಟ್ ಕರೋ ನಾ’ ಅನ್ನುತ್ತಾನೆ. ಬಾಗಿಲಿಗೆ ಅವನ ಊರೂ ಗೊತ್ತಿಲ್ಲ, ತಲೆ ನೆರೆತದ್ದೂ ಕಾಣುವುದಿಲ್ಲ. ಇನ್ನೂರು ಜನ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಹಿಂದಿನ ಸ್ಲೋ ಗಾಡಿ ಪಕ್ಕದ ಹಳಿಯಲ್ಲಿ ಹೊರಟೂ ಹೋಗುತ್ತದೆ.

ಒಳಗಿನಿಂದ ಯಾರೋ ಚೀಲದ ಪಟ್ಟಿ ಹಿಡಿದು ಎಳೆಯುತ್ತಾರೆ. ‘ಸರೀರಿ ಮಾರಾಯ್ರೆ ಒಳಗೆ!’